ನುಡಿ ಫಾಂಟಿನಲ್ಲೇ ನಿಂತ ಪುಸ್ತಕಗಳು: ಡಿಟಿಪಿಯವರು ಯುನಿಕೋಡ್ ಬೇಡ ಅನ್ನುವುದು ಯಾಕೆ?

ಸಣ್ಣ ಪ್ರಕಾಶಕ
ನಮ್ಮದು ಜಿಲ್ಲಾ ಕೇಂದ್ರವೊಂದರ ಪುಟ್ಟ ಪ್ರಕಾಶನ. ಅಪ್ಪ ಶುರು ಮಾಡಿದ್ದು, ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಹಳೆಯ ಪುಸ್ತಕಗಳನ್ನು ಇ-ಪುಸ್ತಕ ಮಾಡೋಣ ಅಂತ ಹೊರಟು ಮೊದಲ ಹೆಜ್ಜೆಯಲ್ಲೇ ಸಿಕ್ಕಿಕೊಂಡಿದ್ದೇನೆ. ಫೈಲೆಲ್ಲ ಪುಟ ಕಟ್ಟುವ ಹಳೆಯ ತಂತ್ರಾಂಶವಾದ ಪೇಜ್‌ಮೇಕರ್‌ನಲ್ಲಿವೆ, ನುಡಿ ಇಲ್ಲವೇ ಶ್ರೀಲಿಪಿ ಫಾಂಟಿನಲ್ಲಿ. ಕೆಲವಕ್ಕೆ ಫೈಲೇ ಇಲ್ಲ, ಬರೀ ಪಿಡಿಎಫ್. ಹೋಗಲಿ, ಹೊಸ ಪುಸ್ತಕವನ್ನಾದರೂ ಎಲ್ಲ ಕಂಪ್ಯೂಟರು, ಫೋನುಗಳಿಗೂ ಒಂದೇ ಆಗಿರುವ ಅಕ್ಷರ ಸಂಕೇತವಾದ ಯುನಿಕೋಡ್‌ನಲ್ಲಿ ಮಾಡಿಕೊಡಿ ಅಂತ ಕಂಪ್ಯೂಟರಿನಲ್ಲಿ ಪುಟ ಕಟ್ಟಿಕೊಡುವ ನಮ್ಮ ಡಿಟಿಪಿಯವರನ್ನು ಕೇಳಿದರೆ "ಅದೆಲ್ಲ ಪ್ರಿಂಟಿಗೆ ಆಗಿಬರಲ್ಲ ಸಾರ್" ಅಂದುಬಿಟ್ಟರು. ಬೇರೆ ಕಡೆ ವಿಚಾರಿಸಿದರೂ ಅದೇ ಉತ್ತರ.

ಕನ್ನಡ ಯುನಿಕೋಡ್‌ನೊಳಗೆ ಬಂದಿದ್ದು 1991ರಲ್ಲಿ. ಇದೇ ಡಿಟಿಪಿಯವರು ನನಗೆ ವಾಟ್ಸಾಪ್ ಮಾಡುವುದೂ ಯುನಿಕೋಡ್‌ನಲ್ಲೇ. ಪುಸ್ತಕ ಅಂದ ಕೂಡಲೇ ಯಾಕೆ ಹೀಗೆ? ಸೋಮಾರಿತನವಾ, ಭಯವಾ, ಇಲ್ಲಾ ನಿಜವಾಗಿಯೂ ಏನಾದರೂ ತೊಂದರೆ ಇದೆಯಾ? ತಿಳಿದವರು ಹೇಳಿ.

ಕೋಡು ಬರೆಯುವವ
ಸೋಮಾರಿತನವೇ. ಬೇರೇನೂ ಇಲ್ಲ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿ 7.0. ಅದು ಬಂದಿದ್ದು 2001ರಲ್ಲಿ. ಆಮೇಲೆ ಅಡೋಬಿಯೇ ಅದನ್ನು ಕೈಬಿಟ್ಟಿತು. ತಯಾರಿಸಿದವರೇ ಬಿಟ್ಟ ತಂತ್ರಾಂಶವನ್ನು ನಮ್ಮ ಪುಸ್ತಕಲೋಕ ಇನ್ನೂ ತಬ್ಬಿಕೊಂಡು ಕೂತಿದೆ.

ಗೊತ್ತಿಲ್ಲದವರಿಗೆ ಒಂದು ಮಾತು. ನುಡಿ, ಶ್ರೀಲಿಪಿಯ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿದ್ದು ಕಂಪ್ಯೂಟರಿನ ಮಟ್ಟಿಗೆ ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದಾರೆ, ಅಷ್ಟೇ. ನುಡಿಯಲ್ಲಿ "ಕನ್ನಡ" ಅಂತ ಹೊಡೆದು ಫಾಂಟ್ ತೆಗೆದು ನೋಡಿ, ಇಂಗ್ಲಿಷಿನ ಪಿ ಅಕ್ಷರದಿಂದ ಶುರುವಾಗುವ ಒಂದು ಕಸದ ಸಾಲು ಸಿಗುತ್ತದೆ. ಹುಡುಕಲು ಆಗಲ್ಲ, ಅಕಾರಾದಿಯಾಗಿ ಜೋಡಿಸಲು ಆಗಲ್ಲ, ಫೋನಿನಲ್ಲಿ ತೆರೆಯಲ್ಲ. ಮೇಲೆ ಶ್ರೀಲಿಪಿಯ ಕೋಡೇ ಬೇರೆ, ನುಡಿಯದೇ ಬೇರೆ.

ಪುಟವಿನ್ಯಾಸ
ಸೋಮಾರಿತನ ಅಂದವರು ಒಂದು ದಿನ ನನ್ನ ಕುರ್ಚಿಯಲ್ಲಿ ಕೂತು ನೋಡಲಿ. ನಾನು ಈ ಕೆಲಸಕ್ಕೆ ಬಂದಾಗ ಊರಿನ ಪ್ರೆಸ್ಸುಗಳಲ್ಲಿ ಇನ್ನೂ ಅಚ್ಚಿನ ಮೊಳೆ ಜೋಡಿಸುತ್ತಿದ್ದರು. ಹೊಸದನ್ನು ಕಲಿಯಲ್ಲ ಅನ್ನುವ ಜಾತಿಯವರಾಗಿದ್ದರೆ ಮೊಳೆಯ ಪೆಟ್ಟಿಗೆ ಬಿಟ್ಟು ಕಂಪ್ಯೂಟರ್ ಮುಂದೆ ಬಂದು ಕೂರುತ್ತಲೇ ಇರಲಿಲ್ಲ.

ನಮಗೆ ದುಡ್ಡು ಬರುವುದು ಪುಟದ ಲೆಕ್ಕದಲ್ಲಿ. ಆ ದರ ಎಷ್ಟು ವರ್ಷದಿಂದ ಎಲ್ಲಿ ನಿಂತಿದೆ ಅಂತ ಇಲ್ಲಿರುವ ಪ್ರಕಾಶಕರೇ ಹೇಳಲಿ, ನಾನು ಹೇಳಿದರೆ ಜಗಳವಾಗುತ್ತದೆ. ನನ್ನ ಬೆರಳಿಗೆ ನುಡಿ ಕೂತಿದೆ, ಪೇಜ್‌ಮೇಕರ್‌ನ ಶಾರ್ಟ್‌ಕಟ್ ಕೂತಿದೆ, ಕಣ್ಣು ಮುಚ್ಚಿಕೊಂಡು ಪುಟ ಕಟ್ಟುತ್ತೇನೆ. ಅದರ ಜಾಗಕ್ಕೆ ಅಡೋಬಿ ತಂದ ಇನ್‌ಡಿಸೈನ್‌ಗೆ ಬಂದರೆ ಮೊದಲ ಮೂರ್ನಾಲ್ಕು ಪುಸ್ತಕಕ್ಕೆ ಎರಡರಷ್ಟು ಹೊತ್ತು ಬೇಕು. ಅದಕ್ಕೆ ತಿಂಗಳ ಬಾಡಿಗೆ ಕಟ್ಟಬೇಕು. ಪೇಜ್‌ಮೇಕರ್‌ಗೆ ಯಾರು ಕಟ್ಟಿದ್ದರು ಅಂತ ಕೇಳಬೇಡಿ, ಅದು ಎಲ್ಲರಿಗೂ ಗೊತ್ತಿರುವ ವಿಷಯ. ಇಷ್ಟೆಲ್ಲ ಮಾಡಿ ಕೊನೆಗೆ ಪ್ರೆಸ್ಸಿಗೆ ಹೋಗುವುದೇನು? ಪಿಡಿಎಫ್. ಪ್ಲೇಟಿಗೆ ಒಳಗೆ ಯುನಿಕೋಡ್ ಇದೆಯೋ ನುಡಿ ಇದೆಯೋ ಗೊತ್ತೇ ಆಗಲ್ಲ. ಹಾಳೆಯ ಮೇಲೆ ಎರಡೂ ಒಂದೇ.

ಹಾಗಾದರೆ ಯುನಿಕೋಡ್‌ನಿಂದ ಲಾಭ ಯಾರಿಗೆ? ಇ-ಪುಸ್ತಕ ಮಾರುವವರಿಗೆ, ಹುಡುಕುವ ಓದುಗರಿಗೆ, ಮರುಮುದ್ರಣ ಮಾಡುವಾಗ ನಿಮಗೆ. ಕಷ್ಟ ಮಾತ್ರ ಪೂರ್ತಿ ನನಗೆ. ನಿಮ್ಮ ಲಾಭಕ್ಕೆ ನನ್ನ ರಾತ್ರಿ ನಿದ್ದೆ ಯಾಕೆ ಕೊಡಲಿ, ಹೇಳಿ?

ಕೋಡು ಬರೆಯುವವ
ದರದ ಮಾತು ಒಪ್ಪುತ್ತೇನೆ. ಆದರೆ "ಪ್ರಿಂಟಿಗೆ ಆಗಿಬರಲ್ಲ" ಅನ್ನುವುದು ಸುಳ್ಳು ಅಲ್ವಾ? ಅದನ್ನಾದರೂ ಒಪ್ಪಿಕೊಳ್ಳಿ.

ಪುಟವಿನ್ಯಾಸ
ಈಗ ಸುಳ್ಳು. 2005ರಲ್ಲಿ ನಿಜವಾಗಿತ್ತು. ಪೇಜ್‌ಮೇಕರ್‌ಗೆ ಯುನಿಕೋಡ್ ಅಂದರೆ ಏನು ಅಂತಲೇ ಗೊತ್ತಿರಲಿಲ್ಲ. ಇನ್‌ಡಿಸೈನ್‌ಗೆ ಯುನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಕೆಳಗೆ ಹೋಗದೆ ಪಕ್ಕದಲ್ಲೇ ನಿಂತುಬಿಡುತ್ತಿತ್ತು. 2012ರಲ್ಲಿ ಅದರ ಸಿಎಸ್6 ಆವೃತ್ತಿ ಬಂದ ಮೇಲೆ ನಮ್ಮ ಭಾಷೆಗಳು ಸರಿಯಾಗಿ ಮೂಡತೊಡಗಿದವು. ಆಗಲೂ ಪ್ಯಾರಾಗ್ರಾಫ್ ಸೆಟ್ಟಿಂಗಿನೊಳಗೆ ಹೋಗಿ ವರ್ಲ್ಡ್-ರೆಡಿ ಕಂಪೋಸರ್ ಅಂತ ಆರಿಸಬೇಕು, ಇಲ್ಲದಿದ್ದರೆ ಅದೇ ಒಡಕು. ಈ ಒಂದು ಆಯ್ಕೆ ಗೊತ್ತಿಲ್ಲದೆ ಅರ್ಧ ಜನ ಒಮ್ಮೆ ನೋಡಿ, ಒತ್ತು ಒಡೆದಿದ್ದು ಕಂಡು, "ಇದು ಆಗಲ್ಲ" ಅಂತ ಮುಚ್ಚಿ ಎದ್ದು ಹೋಗಿದ್ದಾರೆ. ಹೇಳಿಕೊಡುವವರು ಯಾರೂ ಪ್ರೆಸ್ಸಿಗೆ ಬರಲಿಲ್ಲ. ವಿಚಾರ ಸಂಕಿರಣಗಳು ಮಾತ್ರ ಬೇಕಾದಷ್ಟು ನಡೆದವು.

ಫಾಂಟಿನ ಕಥೆಯೂ ಇದೆ. ಶ್ರೀಲಿಪಿಯಲ್ಲಿ ದಪ್ಪ, ತೆಳು, ಅಲಂಕಾರದ್ದು ಅಂತ ರಾಶಿ ರಾಶಿ ಇದ್ದವು. ಯುನಿಕೋಡ್‌ನಲ್ಲಿ ಬಹಳ ಕಾಲ ವಿಂಡೋಸ್ ಜೊತೆ ಬಂದ ತುಂಗಾ, ಆಮೇಲೆ ಕೇದಗೆ, ಮಲ್ಲಿಗೆ. ತುಂಗಾದಲ್ಲಿ ಕಾದಂಬರಿ ಅಚ್ಚು ಹಾಕಿ ನೋಡಿ, ಸರ್ಕಾರಿ ಸುತ್ತೋಲೆ ಓದಿದ ಹಾಗಿರುತ್ತದೆ. ಇನ್ನೊಂದು, ಕೆಲವು ಯುನಿಕೋಡ್ ಫಾಂಟುಗಳಲ್ಲಿ ಸಾಲಿನ ನಡುವಿನ ಜಾಗ ಜಾಸ್ತಿ. ಹಾಗೇ ಬಿಟ್ಟರೆ ಪುಟ ಏರುತ್ತದೆ, ಕಾಗದ ಏರುತ್ತದೆ, ಆಗ ಪ್ರಕಾಶಕರೇ ಫೋನ್ ಮಾಡಿ ಬೈಯುತ್ತಾರೆ.

ಹಳೇ ಅಚ್ಚು
ಮಧ್ಯೆ ಬಾಯಿ ಹಾಕುತ್ತೇನೆ. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು "ಮಂಗಳೂರ ಸಮಾಚಾರ" ತಂದಾಗ ಅದು ಕಲ್ಲಚ್ಚು. ಮೊಳೆ ಬಂದಾಗಲೂ, ಆಫ್‌ಸೆಟ್ ಬಂದಾಗಲೂ ಹಳಬರು ಮುಖ ಸಿಂಡರಿಸಿದ್ದೇ. ಮೊಳೆಯ ಅಚ್ಚಿನಲ್ಲಿ ಅಕ್ಷರ ಕಾಗದಕ್ಕೆ ಕಚ್ಚಿ ಕೂರುತ್ತಿತ್ತು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಆ ಅಂದ ಈಗ ಎಲ್ಲಿದೆ ಹೇಳಿ.

ಕೋಡು ಬರೆಯುವವ
ಅಂದ ಇರಲಿ ಸ್ವಾಮಿ, ಇಲ್ಲಿ ಫೈಲೇ ತೆರೆಯುತ್ತಿಲ್ಲ.

ಫಾಂಟಿನ ಬಗ್ಗೆ ಹೇಳುವುದಾದರೆ, ಆ ಕಾಲ ಹೋಯಿತು. ಗುಬ್ಬಿ, ನವಿಲು ಅಂತ ಮುಕ್ತ ಫಾಂಟುಗಳು ಬಂದವು. ನೋಟೊ ಸೆರಿಫ್ ಕನ್ನಡ, ತಿರೊ ಕನ್ನಡ, ಅನೇಕ್, ಬಾಲೂ ತಮ್ಮ, ಬೆಣ್ಣೆ, ಎಲ್ಲ ಪುಕ್ಕಟೆ. ಪುಸ್ತಕದ ಒಳಪುಟಕ್ಕೆ ತಿರೊ ಹಾಕಿ ನೋಡಿ. ಸಾಲಿನ ಅಂತರವನ್ನು ಕೈಯಾರೆ ಇಳಿಸಬಹುದು. ಅದು ನಿಮಗೆ ಗೊತ್ತಿಲ್ಲದ್ದೇನಲ್ಲ.

ಕರಡು ತಿದ್ದುವವ
ಹಳೆಯದನ್ನು ಪರಿವರ್ತಕಕ್ಕೆ ಹಾಕಿ ಯುನಿಕೋಡ್ ಮಾಡಿಬಿಡಿ, ಒಂದು ಗುಂಡಿ ಒತ್ತಿದರೆ ಮುಗಿಯಿತು ಅನ್ನುವವರು ಇನ್ನೇನು ಬರುತ್ತಾರೆ. ಅವರು ಬರುವ ಮೊದಲೇ ಹೇಳುತ್ತೇನೆ. ಹಾಗೆ ಪರಿವರ್ತಿಸಿದ ಪುಸ್ತಕಗಳನ್ನು ತಿದ್ದುವ ಕೆಲಸ ನನ್ನದು.

ಮೊದಲನೆಯ ಕಾಟ, ಪುಸ್ತಕದಲ್ಲಿರುವ ಇಂಗ್ಲಿಷ್ ಪದಗಳು. ಫಾಂಟಿನ ಮಾಹಿತಿ ಕಳೆದುಹೋದ ಪಠ್ಯದಲ್ಲಿ ಯಾವುದು ನುಡಿಯ ಕನ್ನಡ, ಯಾವುದು ನಿಜವಾದ ಇಂಗ್ಲಿಷ್ ಅಂತ ಪರಿವರ್ತಕಕ್ಕೆ ಹೇಗೆ ತಿಳಿಯಬೇಕು? ಲೇಖಕರು ರೋಮನ್ ಲಿಪಿಯಲ್ಲಿ ಹಾಕಿದ ಸಸ್ಯದ ಹೆಸರು, ಪುಸ್ತಕದ ಹೆಸರು ಎಲ್ಲ ಅರ್ಥವಿಲ್ಲದ ಕನ್ನಡವಾಗಿ ಹೊರಬರುತ್ತವೆ. ಎರಡನೆಯದು ಸಾಲಿನ ಕೊನೆಯ ಅಡ್ಡಗೆರೆ. ಪೇಜ್‌ಮೇಕರ್ ಕನ್ನಡ ಪದವನ್ನು ತಾನೇ ಮುರಿಯಲ್ಲ, ಆಪರೇಟರು ಕೈಯಲ್ಲೇ ಗೆರೆ ಹಾಕಿ ಮುರಿದಿರುತ್ತಾರೆ. ಪಠ್ಯ ಹೊರಗೆ ಬಂದ ಮೇಲೆ ಆ ಗೆರೆಗಳು ಪದದ ಹೊಟ್ಟೆಯಲ್ಲೇ ಉಳಿಯುತ್ತವೆ. "ಹೋ-ಗಿದ್ದರು", "ಮನೆ-ಯೊಳಗೆ". ಇದನ್ನು ಒಟ್ಟಿಗೇ ಅಳಿಸಿದರೆ "ತಂದೆ-ತಾಯಿ"ಯಲ್ಲಿ ನಿಜವಾಗಿ ಬೇಕಾಗಿದ್ದ ಗೆರೆಯೂ ಹೋಗುತ್ತದೆ. ಪಿಡಿಎಫ್‌ನಿಂದ ಎಳೆದ ಪಠ್ಯದಲ್ಲಿ ಅರ್ಕಾವತ್ತು ಎಷ್ಟೋ ಸಲ ತಪ್ಪು ಅಕ್ಷರದ ಮೇಲೆ ಕೂತಿರುತ್ತದೆ.

ಹೊಸದಾಗಿ ಯುನಿಕೋಡ್‌ನಲ್ಲೇ ಟೈಪ್ ಮಾಡಿದ್ದರಲ್ಲೂ ತಲೆನೋವು ಇದೆ. ರ‍್ಯಾಂಕ್ ಅಂತ ಬರೆಯಲು ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಹಾಕಬೇಕು. ಒಬ್ಬರು ಹಾಕುತ್ತಾರೆ, ಇನ್ನೊಬ್ಬರು ಹಾಗೇ ಹೊಡೆಯುತ್ತಾರೆ, ಆಗ ಅದು ರ್ಯಾಂಕ್ ಆಗುತ್ತದೆ. ಹುಡುಕಿದರೆ ಒಂದು ಸಿಗುತ್ತದೆ, ಇನ್ನೊಂದು ಸಿಗಲ್ಲ. ಹಳಗನ್ನಡದ ಪುಸ್ತಕ ಮಾಡುವವರ ಕಷ್ಟ ಇನ್ನೂ ದೊಡ್ಡದು. ಅಲ್ಲಿ ಬರುವ ನಕಾರಪೊಲ್ಲು (ಸ್ವರವಿಲ್ಲದ ನಕಾರದ ಹಳೆಯ ರೂಪ) ಯುನಿಕೋಡ್‌ಗೆ ಸೇರಿದ್ದೇ 2021ರಲ್ಲಿ.

ಆದರೂ ನಾನು ಯುನಿಕೋಡ್ ಪರ. ನುಡಿ ಫೈಲಿನಲ್ಲಿ ಒಂದು ಹೆಸರನ್ನು ಇಡೀ ಪುಸ್ತಕದಲ್ಲಿ ಒಂದೇ ರೀತಿ ಮಾಡಬೇಕೆಂದರೆ ಪ್ರಿಂಟ್ ತೆಗೆದು ಕೆಂಪು ಪೆನ್ನು ಹಿಡಿಯಬೇಕು. ಯುನಿಕೋಡ್‌ನಲ್ಲಿ ಚಹಾ ಆರುವುದರೊಳಗೆ ಮುಗಿಯುತ್ತದೆ.

ಕಿವಿಯಲ್ಲಿ ಓದುವವಳು
ಇಲ್ಲಿವರೆಗೆ ಎಲ್ಲರೂ ಆಪರೇಟರು, ಪ್ರಕಾಶಕರು, ಫಾಂಟು ಅಂತ ಮಾತಾಡಿದಿರಿ. ನನಗೆ ಕಣ್ಣು ಕಾಣಲ್ಲ. ಕಂಪ್ಯೂಟರಿನಲ್ಲಿ ಎನ್‌ವಿಡಿಎ, ಫೋನಿನಲ್ಲಿ ಟಾಕ್‌ಬ್ಯಾಕ್. ಪರದೆಯಲ್ಲಿರುವುದನ್ನು ಗಟ್ಟಿಯಾಗಿ ಓದುವ ತಂತ್ರಾಂಶಗಳು, ಎರಡೂ ಕನ್ನಡ ಓದುತ್ತವೆ. ಯುನಿಕೋಡ್ ಇದ್ದರೆ ಮಾತ್ರ. ನುಡಿಯ ಪಿಡಿಎಫ್ ತೆರೆದರೆ ಆ ಇಂಗ್ಲಿಷ್ ಕಸವನ್ನು ಒಂದೊಂದೇ ಅಕ್ಷರ ಕಿರುಚುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದೂ ಇಲ್ಲ, ಮೌನ.

ಓದಲಾಗದವರಿಗೆ ಪುಸ್ತಕವನ್ನು ಬೇರೆ ರೂಪಕ್ಕೆ ತರಲು ಯಾರ ಅನುಮತಿಯೂ ಬೇಡ ಅಂತ 2012ರಲ್ಲೇ ನಮ್ಮ ಕಾಪಿರೈಟ್ ಕಾಯ್ದೆಗೆ ತಿದ್ದುಪಡಿ ಆಯಿತು. ಕಣ್ಣು ಕಾಣದವರಿಗೂ ಪುಸ್ತಕ ಸಿಗಲಿ ಅಂತ ಮಾಡಿದ ಅಂತರರಾಷ್ಟ್ರೀಯ ಮರ್ರಾಕೇಶ್ ಒಪ್ಪಂದವನ್ನು ಎಲ್ಲರಿಗಿಂತ ಮೊದಲು, 2014ರಲ್ಲಿ ಅನುಮೋದಿಸಿದ ದೇಶ ಭಾರತ. ಕಾನೂನು ಚೆನ್ನಾಗಿದೆ. ಆದರೆ ಪ್ರಕಾಶಕರಿಗೆ ಬರೆದರೆ ಎರಡೇ ಉತ್ತರ. ಒಂದು, "ಫೈಲು ನಮ್ಮ ಹತ್ತಿರ ಇಲ್ಲಮ್ಮ, ಡಿಟಿಪಿಯವರ ಹತ್ತಿರ ಕೇಳಬೇಕು". ಇನ್ನೊಂದು, "ನಿಮಗೆ ಕೊಟ್ಟರೆ ಹೊರಗೆ ಹೋಗುತ್ತದೆ". ಕೊನೆಗೆ ಯಾರಾದರೂ ಗೆಳತಿ ಪುಟ ಪುಟ ಫೋಟೊ ತೆಗೆದು, ಚಿತ್ರದಿಂದ ಅಕ್ಷರ ಗುರುತಿಸುವ ಗೂಗಲ್ ಡ್ರೈವ್‌ನ ಓಸಿಆರ್‌ಗೆ ಹಾಕಿ ಕೊಡುತ್ತಾಳೆ. ಕಂಪ್ಯೂಟರಿನಲ್ಲೇ ಹುಟ್ಟಿದ ಪುಸ್ತಕವನ್ನು ಕಾಗದದಿಂದ ಮತ್ತೆ ಕಂಪ್ಯೂಟರಿಗೆ ತುಂಬುವುದು. ಈ ಬುದ್ಧಿವಂತಿಕೆಗೆ ಏನನ್ನಬೇಕೋ.

ಪುಟವಿನ್ಯಾಸ ಅವರೇ, ನಿಮ್ಮ ಮೇಲೆ ಕೋಪ ಇಲ್ಲ. ಲಾಭ ಯಾರಿಗೆ ಅಂತ ಪಟ್ಟಿ ಮಾಡಿದಿರಲ್ಲ, ಅದರಲ್ಲಿ ನಾವು ಇರಲಿಲ್ಲ.

ಪುಟವಿನ್ಯಾಸ
ಸೇರಿಸಿಕೊಳ್ಳುತ್ತೇನೆ ತಾಯಿ. ಇಷ್ಟು ವರ್ಷದಲ್ಲಿ ಒಬ್ಬ ಪ್ರಕಾಶಕರೂ ಇದನ್ನು ನನ್ನ ಕಿವಿಗೆ ಹಾಕಿಲ್ಲ, ಅದು ನಿಜ.

ಗ್ರಂಥಾಲಯದ ಗಿರಾಕಿ
"ಹೊರಗೆ ಹೋಗುತ್ತದೆ" ಅನ್ನುವ ಭಯದ ಬಗ್ಗೆ. ಟೆಲಿಗ್ರಾಂ ಗುಂಪುಗಳಲ್ಲಿ ಸುತ್ತುವ ಕನ್ನಡ ಪುಸ್ತಕಗಳನ್ನು ಒಮ್ಮೆ ನೋಡಿ. ಬಹುಪಾಲು ಅಚ್ಚಾದ ಪುಸ್ತಕವನ್ನು ಫೋನಿನಲ್ಲಿ ಸ್ಕ್ಯಾನ್ ಮಾಡಿದವು, ಮೂಲೆಯಲ್ಲಿ ಯಾರದೋ ಹೆಬ್ಬೆರಳು ಕೂಡ ಕಾಣುತ್ತದೆ. ಇ-ಪುಸ್ತಕ ತರದೇ ಇದ್ದರೂ ಕಳ್ಳತನ ನಡೆಯುತ್ತಲೇ ಇದೆ. ದುಡ್ಡು ಕೊಟ್ಟು ಫೋನಿನಲ್ಲಿ ಓದುವವನಿಗೆ ಮಾತ್ರ ಅಂಗಡಿ ಮುಚ್ಚಿದೆ.

ಆದರೆ ಪ್ರಕಾಶಕರು ಹೆದರುವುದಕ್ಕೆ ಇನ್ನೊಂದು ಕಾರಣ ಇದೆ, ಅದನ್ನು ಯಾರೂ ಬಾಯಿಬಿಟ್ಟು ಹೇಳಲ್ಲ. ಅವರಲ್ಲಿ ಸುಮಾರು ಜನ ನಂಬಿರುವುದು ಓದುಗರನ್ನಲ್ಲ, ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು. ಅಲ್ಲಿ ಲೆಕ್ಕ ಪುಟಕ್ಕೆ ಇಷ್ಟು ಅಂತ. ಅಚ್ಚಾದ ಪ್ರತಿ ಬೇಕು, ಆ ವರ್ಷದ್ದಾಗಿರಬೇಕು. ಯಾರಿಗೆ ಎಷ್ಟು ಅಂತ ಗೊತ್ತಿರುವ ಗಿರಾಕಿ ಒಬ್ಬನೇ ಇದ್ದಾಗ, ಆ ಗಿರಾಕಿ ಕೇಳದ ಸರಕನ್ನು ಯಾರು ತಯಾರು ಮಾಡುತ್ತಾರೆ? ಇಲಾಖೆ ನಾಳೆ ಖರೀದಿಯ ಅರ್ಜಿಯಲ್ಲಿ "ಇಪಬ್ ಪ್ರತಿ (ಇ-ಪುಸ್ತಕದ ಫೈಲು) ಕಡ್ಡಾಯ" ಅಂತ ಒಂದು ಸಾಲು ಸೇರಿಸಲಿ. ಇಡೀ ಅವೆನ್ಯೂ ರಸ್ತೆ ಆರು ತಿಂಗಳಲ್ಲಿ ಯುನಿಕೋಡ್ ಕಲಿಯುತ್ತದೆ.

ಸಣ್ಣ ಪ್ರಕಾಶಕ
ಸಗಟು ಖರೀದಿಯ ಮಾತು ಚುಚ್ಚಿತು, ಆದರೆ ಇಲ್ಲ ಅನ್ನಲಾರೆ. ದುಡ್ಡು ಬರುವುದು ಎಷ್ಟು ತಡ ಅಂತಲೂ ಸೇರಿಸಿ.

ಪುಟವಿನ್ಯಾಸ ಅವರ ಮಾತು ಓದಿದ ಮೇಲೆ ನನಗೆ ಅನಿಸಿದ್ದು, ನಾನು ಕೇಳಿದ್ದು ತಪ್ಪಾದ ಜಾಗದಲ್ಲಿ ಅಂತ. ಹೊಸ ಕೆಲಸ ಕೇಳುತ್ತಿದ್ದೇನೆ, ಹಳೆಯ ದರ ಕೊಡುತ್ತಿದ್ದೇನೆ. ಅವರು ಬೇಡ ಅನ್ನದೆ ಇನ್ನೇನು ಮಾಡಬೇಕು.

ಹೊರನಾಡು
ನಾನು ಜರ್ಮನಿಯಲ್ಲಿದ್ದೇನೆ. ಇಲ್ಲಿಗೆ ಒಂದು ಕನ್ನಡ ಪುಸ್ತಕ ತರಿಸಿದರೆ ಪುಸ್ತಕಕ್ಕಿಂತ ಅಂಚೆ ಖರ್ಚೇ ದುಬಾರಿ. ಕಿಂಡಲ್ ಇದೆ, ಅದರಲ್ಲಿ ಕನ್ನಡ ಅಂಗಡಿ ಇಲ್ಲ. 2016ರ ಡಿಸೆಂಬರಿನಲ್ಲಿ ಅಮೆಜಾನ್‌ನವರು ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಸೇರಿಸಿದರು. ನಮ್ಮನ್ನು ಬಿಟ್ಟರು, ತೆಲುಗು ಬಂಗಾಳಿಯನ್ನೂ ಬಿಟ್ಟರು. ಹಾಗಂತ ಸುಮ್ನೆ ಕೂರಬೇಕಾಗಿಲ್ಲ. ಗೂಗಲ್ ಪ್ಲೇ ಬುಕ್ಸ್ ಕನ್ನಡ ತೆಗೆದುಕೊಳ್ಳುತ್ತದೆ. 2020ರಲ್ಲಿ ಮೈಲ್ಯಾಂಗ್ ಆ್ಯಪ್ ಬಂತು, ಓದುವ ಪುಸ್ತಕವೂ ಇದೆ, ಕೇಳುವ ಪುಸ್ತಕವೂ ಇದೆ. ನಾನು ಕೊಂಡ ಕನ್ನಡ ಪುಸ್ತಕಗಳಲ್ಲಿ ಹೆಚ್ಚಿನವು ಅಲ್ಲಿಯವೇ. ನನಗೆ ಬೇಕಾದ ಎಷ್ಟೋ ಲೇಖಕರು ಮಾತ್ರ ಇನ್ನೂ ಎಲ್ಲೂ ಇಲ್ಲ.

ಕರಾರು ಓದುವವಳು
ಎಲ್ಲೂ ಇಲ್ಲದಿರುವುದಕ್ಕೆ ಫಾಂಟ್ ಒಂದೇ ಕಾರಣ ಅಲ್ಲ. ನಮ್ಮಲ್ಲಿ ಲೇಖಕ ಪ್ರಕಾಶಕರ ಕರಾರು ಅಂದರೆ ಎಷ್ಟೋ ಸಲ ಒಂದು ಪೋಸ್ಟ್‌ಕಾರ್ಡ್, ಇಲ್ಲವೇ ಬಾಯಿಮಾತು. 2012ರ ತಿದ್ದುಪಡಿಯ ಪ್ರಕಾರ, ಹಕ್ಕು ವಹಿಸಿಕೊಡುವಾಗ ಇಲ್ಲದಿದ್ದ ಮಾಧ್ಯಮಕ್ಕೆ ಆ ಹಕ್ಕು ಅನ್ವಯಿಸಲ್ಲ, ಹೆಸರಿಸಿ ಬರೆದಿದ್ದರೆ ಮಾತ್ರ ಉಂಟು. ಅದಕ್ಕೂ ಮೊದಲಿಂದ ಇರುವ ಇನ್ನೆರಡು ನಿಯಮ: ಬರಹದಲ್ಲಿ ಅವಧಿ ಹೇಳದಿದ್ದರೆ ಐದು ವರ್ಷ ಅಂತ ಲೆಕ್ಕ, ಪ್ರದೇಶ ಹೇಳದಿದ್ದರೆ ಭಾರತದೊಳಗೆ ಮಾತ್ರ. ಅಂದರೆ ಜರ್ಮನಿಯವರಿಗೆ ಇ-ಪುಸ್ತಕ ಮಾರಲು ಪ್ರಕಾಶಕರಿಗೆ ಹಕ್ಕೇ ಇಲ್ಲದಿರಬಹುದು! ಲೇಖಕರು ತೀರಿಕೊಂಡಿದ್ದರೆ ಮಕ್ಕಳನ್ನೆಲ್ಲ ಹುಡುಕಿ ಸಹಿ ಹಾಕಿಸಬೇಕು. "ನಮಗೆ ಇ-ಪುಸ್ತಕದಲ್ಲಿ ನಂಬಿಕೆ ಇಲ್ಲ" ಅಂತ ಗಂಭೀರವಾಗಿ ಹೇಳುವ ಪ್ರಕಾಶಕರಲ್ಲಿ ಕೆಲವರ ನಿಜವಾದ ಸಮಸ್ಯೆ ಇದು. ಹಳೆಯ ಕರಾರು ಹೊರಗೆ ತೆಗೆದರೆ ಗೌರವಧನದ ಲೆಕ್ಕವೂ ಹೊರಗೆ ಬರುತ್ತದೆ.

ಸಣ್ಣ ಪ್ರಕಾಶಕರೇ, ಹೊಸ ಕರಾರಿನಲ್ಲಿ ಅಚ್ಚು, ಇ-ಪುಸ್ತಕ, ಆಡಿಯೊ ಮೂರನ್ನೂ ಬೇರೆ ಬೇರೆ ಬರೆಯಿರಿ. ಮೂರಕ್ಕೂ ಲೇಖಕರ ಪಾಲು ಬೇರೆ ಬೇರೆ ನಮೂದಿಸಿ. ಜಾಗ "ಇಡೀ ಜಗತ್ತು".

ಗ್ರಂಥಾಲಯದ ಗಿರಾಕಿ
ತೆರಿಗೆಯೂ ಒಂದು. ಅಚ್ಚಿನ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. ಇ-ಪುಸ್ತಕಕ್ಕೆ ಮೊದಲು 18 ಇತ್ತು. 2018ರಲ್ಲಿ 5ಕ್ಕೆ ಇಳಿಸಿದರು, ಅದೂ ಅಚ್ಚಿನಲ್ಲಿ ಬಂದ ಪುಸ್ತಕದ ಇ-ರೂಪಕ್ಕೆ ಮಾತ್ರ.

ಹೊಸ ಹುಡುಗ
ಇಷ್ಟೆಲ್ಲ ಯಾಕೆ? ಎಐಗೆ ಪಿಡಿಎಫ್ ಕೊಟ್ಟರೆ ಯುನಿಕೋಡ್ ಮಾಡಿಕೊಡುತ್ತದೆ. ಮುಖಪುಟವನ್ನೂ ಅದೇ ಬರೆಯುತ್ತದೆ.

ಕರಡು ತಿದ್ದುವವ
ಬಂದರು ನೋಡಿ. ಕೊಟ್ಟು ನೋಡಿದ್ದೇನೆ. ಓಸಿಆರ್ ತಪ್ಪು ಮಾಡಿದರೆ ಕಣ್ಣಿಗೆ ಹೊಡೆಯುತ್ತದೆ, "ಮ" ಇದ್ದಲ್ಲಿ "ಯ" ಬಂದಿರುತ್ತದೆ, ತಿದ್ದಬಹುದು. ಇದು ಲೇಖಕರ ಧಾರವಾಡದ ಮಾತನ್ನು ಚೆಂದದ ಶಿಷ್ಟ ಕನ್ನಡ ಮಾಡಿ ಇಡುತ್ತದೆ. "ಹೋಗೂಣು" ಇದ್ದದ್ದು "ಹೋಗೋಣ" ಆಗಿರುತ್ತದೆ. ಮೂಲದ ಜೊತೆ ಸಾಲು ಸಾಲು ಹೋಲಿಸದೆ ಇದು ಸಿಕ್ಕಿಬೀಳಲ್ಲ. ಹಾಗೆ ಹೋಲಿಸುವುದಾದರೆ ಉಳಿದ ಸಮಯ ಎಲ್ಲಿ? ಮುಖಪುಟದ ಜಗಳಕ್ಕೆ ಬೇರೆ ಎಳೆ ಶುರು ಮಾಡಿ, ಇಲ್ಲಿ ಬೇಡ. ಕಲಾವಿದರು ಆಗಲೇ ಬಿಸಿಯಾಗಿದ್ದಾರೆ.

ಕೋಡು ಬರೆಯುವವ
ಹಳೆಯ ಫೈಲುಗಳಿಗೆ ನನ್ನ ಸಲಹೆ. ಪಿಡಿಎಫ್‌ನಿಂದ ಎಳೆಯಬೇಡಿ. ಪೇಜ್‌ಮೇಕರ್ ಓಡುವ ಹಳೆಯ ಯಂತ್ರವೊಂದನ್ನು ಉಳಿಸಿಕೊಂಡು, ಅದರಿಂದ ಪಠ್ಯವನ್ನು ಆರ್‌ಟಿಎಫ್ ಎಂಬ ಫೈಲಿನ ರೂಪದಲ್ಲಿ ಹೊರಗೆ ತೆಗೆಯಿರಿ. ಆರ್‌ಟಿಎಫ್‌ನಲ್ಲಿ ಫಾಂಟಿನ ಹೆಸರು ಉಳಿಯುತ್ತದೆ. ನುಡಿ ಇರುವ ತುಣುಕನ್ನು ಮಾತ್ರ ಪರಿವರ್ತಿಸಬಹುದು, ಇಂಗ್ಲಿಷ್ ಇಂಗ್ಲಿಷಾಗಿಯೇ ಉಳಿಯುತ್ತದೆ. ಸಣ್ಣ ಸ್ಕ್ರಿಪ್ಟ್ ಸಾಕು. ಶನಿವಾರ ಬಿಡುವಿದೆ, ಒಂದು ಪುಸ್ತಕ ಕಳಿಸಿ, ಮಾಡಿ ನೋಡುತ್ತೇನೆ. ದುಡ್ಡು ಬೇಡ.

ಪುಟವಿನ್ಯಾಸ
"ದುಡ್ಡು ಬೇಡ" ಅನ್ನುವ ಈ ಮಾತೇ ನಮ್ಮ ಹೊಟ್ಟೆ ಮೇಲೆ ಹೊಡೆಯುವುದು. ನೀವು ಶನಿವಾರ ಪುಕ್ಕಟೆ ಮಾಡುತ್ತೀರಿ, ಸೋಮವಾರ ಪ್ರಕಾಶಕರು ನನಗೂ ಪುಕ್ಕಟೆ ಮಾಡಿ ಅಂತಾರೆ. ಸ್ಕ್ರಿಪ್ಟ್ ಬರೆದರೆ ನನಗೂ ಕೊಡಿ, ಓಡಿಸುವುದು ಹೇಗೆ ಅಂತ ಹೇಳಿಕೊಡಿ. ಪುಟಕ್ಕೆ ದರ ಹಾಕಿ ನಾನೇ ಮಾಡುತ್ತೇನೆ. ನನ್ನ ಹಾರ್ಡ್‌ಡಿಸ್ಕಿನಲ್ಲಿ ಬೇರೆಯವರ ಪುಸ್ತಕಗಳ ಪೇಜ್‌ಮೇಕರ್ ಫೈಲು ರಾಶಿ ಬಿದ್ದಿದೆ. ಎಷ್ಟೋ ಪ್ರಕಾಶಕರಿಗೆ ಅವು ಇನ್ನೂ ಇವೆ ಅಂತಲೇ ಗೊತ್ತಿಲ್ಲ.

ಕೋಡು ಬರೆಯುವವ
ಸರಿ, ಹಾಗೇ ಮಾಡೋಣ. ಖಾಸಗಿ ಸಂದೇಶದಲ್ಲಿ ಯಂತ್ರದ ವಿವರ ಕಳಿಸಿ. ವಿಂಡೋಸ್ ಎಷ್ಟನೆಯದು, ಶ್ರೀಲಿಪಿ ಯಾವ ಆವೃತ್ತಿ, ಎರಡೂ ಬೇಕು.

ಕಿವಿಯಲ್ಲಿ ಓದುವವಳು
ಮೊದಲ ಪುಸ್ತಕ ಆದಾಗ ಇಪಬ್ ನನಗೆ ಕಳಿಸಿ. ಅಧ್ಯಾಯಗಳಿಗೆ ಶೀರ್ಷಿಕೆಯ ಗುರುತು ಹಾಕಿ, ಬರೀ ದಪ್ಪ ಅಕ್ಷರ ಮಾಡಿ ಬಿಡಬೇಡಿ. ಶೀರ್ಷಿಕೆಯ ಗುರುತು ಇದ್ದರೆ ಒಂದರಿಂದ ಇನ್ನೊಂದಕ್ಕೆ ಹಾರಬಹುದು. ಇಲ್ಲದಿದ್ದರೆ ಏಳನೇ ಅಧ್ಯಾಯ ಬೇಕು ಅಂದರೆ ಆರನ್ನೂ ಕೇಳಬೇಕು.

ಸಣ್ಣ ಪ್ರಕಾಶಕ
ನಮ್ಮ ಡಿಟಿಪಿಯವರ ಜೊತೆ ಇವತ್ತು ಮತ್ತೆ ಮಾತಾಡಿದೆ. ಮುಂದಿನ ಎರಡು ಪುಸ್ತಕಕ್ಕೆ ಪುಟದ ದರ ಒಂದೂವರೆ ಪಟ್ಟು, ಇನ್‌ಡಿಸೈನ್‌ನ ಬಾಡಿಗೆ ನನ್ನದು, ಕೆಲಸ ಮುಗಿದ ಮೇಲೆ ಮೂಲ ಫೈಲು ನನ್ನ ಕೈಗೆ. ತುಂಬಾ ಹೊತ್ತು ಸುಮ್ಮನಿದ್ದು "ಫೈಲು ಕೊಟ್ಟರೆ ಮರುಮುದ್ರಣಕ್ಕೆ ಬೇರೆಯವರ ಹತ್ತಿರ ಹೋಗ್ತೀರಿ" ಅಂದರು. ಅದೇ ಅವರ ನಿಜವಾದ ಭಯ ಇರಬೇಕು. ಮರುಮುದ್ರಣದ ಪುಟ ಕಟ್ಟುವುದೂ ಅವರಿಗೇ ಅಂತ ಬರೆದುಕೊಟ್ಟೆ. ಒಪ್ಪಿದ್ದಾರೆ, ಅರ್ಧ ಮನಸ್ಸಿನಿಂದ.

ಒಂದು ಪ್ರಶ್ನೆ ಉಳಿದಿದೆ. ಎರಡರಲ್ಲಿ ಒಂದು ಕವನ ಸಂಕಲನ. ಫೋನಿನ ಪರದೆಯಲ್ಲಿ ಪದ್ಯದ ಸಾಲು ಎಲ್ಲೆಂದರಲ್ಲಿ ಮುರಿದು ಹೋಗುತ್ತದೆ. ಕವಿಗಳು ಈಗಲೇ ಗೊಣಗುತ್ತಿದ್ದಾರೆ. ಏನು ಮಾಡುವುದು?

ಕೋಡು ಬರೆಯುವವ
ಪ್ರತಿ ಸಾಲನ್ನೂ ಬೇರೆ ಪ್ಯಾರಾ ಮಾಡಿ. ಮುರಿದು ಕೆಳಗೆ ಬಂದ ತುಂಡು ಎರಡಕ್ಷರದಷ್ಟು ಒಳಗೆ ಸರಿಯುವ ಹಾಗೆ ಅಂಚು ಕೊಡಿ. ಆಗ ಯಾವುದು ಕವಿಯ ಸಾಲು, ಯಾವುದು ಪರದೆ ಮುರಿದದ್ದು ಅಂತ ಓದುವವರಿಗೆ ತಿಳಿಯುತ್ತದೆ. ಸ್ಪೇಸ್ ಹೊಡೆದು ಜಾಗ ಬಿಡಬೇಡಿ, ಫೋನಿನಿಂದ ಫೋನಿಗೆ ಅದು ನಿಲ್ಲಲ್ಲ.

ಪುಟವಿನ್ಯಾಸ
ಕವಿಗಳು ಅಚ್ಚಿನಲ್ಲೂ ಗೊಣಗುತ್ತಾರೆ. ಅದಕ್ಕೆ ಯಾವ ಸೆಟ್ಟಿಂಗೂ ಇಲ್ಲ.